ನಾಲ್ಕನೇ ಜ್ವರ

ರೇಷ್ಮೆ ಹುಳಕ್ಕೆ ನಾಲ್ಕು ಜ್ವರ. ಮನುಷ್ಯರಿಗೆ ಬರುವಂಥ ಜ್ವರವಲ್ಲ. ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಒಂದು ಹಗಲು ಒಂದು ರಾತ್ರಿ ಕದಲದೆ ಕೂತು, ಹಳೇ ತೊಗಲು ಕಳಚಿ ಏಳುತ್ತದಲ್ಲ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ. ಇವತ್ತಿಗೂ ನಾಲ್ಕನೇ ಜ್ವರದ ದಿನ ಹುಳದ ಮನೆ ಬಾಗಿಲು ತೆರೆದರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಸಾವಿರಾರು ತಲೆ, ಎಲ್ಲವೂ ಮೇಲಕ್ಕೆ, ಒಂದೂ ಅಲ್ಲಾಡುವುದಿಲ್ಲ. ನನ್ನ ಬಾಯಿ ಕಟ್ಟಿಸುವುದು ಸುಲಭವಲ್ಲ ಅಂತ ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಮೊಟ್ಟೆಯಿಂದ ಬಂದಾಗ ಅದು ಇರುವೆಗಿಂತ ಸಣ್ಣದು. ಇಪ್ಪತ್ತೈದು ದಿನಕ್ಕೆ ಬೆರಳುದ್ದ ಆಗಿ, ಮೈ ಹಣ್ಣಾಗಿ, ಬಾಯಿಂದ ನೂಲು ಬಿಡುತ್ತದೆ. ಇಷ್ಟಕ್ಕೆಲ್ಲ ತಿಂದದ್ದೇನು? ಬರೀ ಸೊಪ್ಪು. ನಾನೂ ಅರವತ್ತು ವರ್ಷದಿಂದ ಮುದ್ದೆ, ಸೊಪ್ಪಿನ ಸಾರು ತಿಂದಿದ್ದೇನೆ. ನನ್ನ ಬಾಯಿಂದ ಬಂದದ್ದು ಬೈಗುಳ ಒಂದೇ.

ನಾನು ಈಶ್ವರಮ್ಮ. ತೆಲುಗು ರಾಜ್ಯದ ಗಡಿಯೊಳಗೆ ರೊಳ್ಳದ ಹತ್ತಿರದ ಸಣ್ಣ ಕನ್ನಡದ ಊರು ನಮ್ಮದು. ಕಡ್ಲೇಕಾಯಿ, ರಾಗಿ, ರೇಷ್ಮೆ. ನಮ್ಮ ಹುಳದ ಮನೆಗೆ ನಾನೇ ಕಾನೂನು. ಒಳಗೆ ಬರುವವರು ಕಾಲು ತೊಳೆದು ಸುಣ್ಣ ತುಳಿದು ಬರಬೇಕು. ಹೊಗೆಸೊಪ್ಪು ಹಾಕಿದವರು, ಊದುಬತ್ತಿ ಹಚ್ಚಿ ಬಂದವರು, ತಲೆಗೆ ವಾಸನೆ ಎಣ್ಣೆ ಬಳಿದುಕೊಂಡವರು ಹೊರಗೆ. ಹುಳ ಜ್ವರಕ್ಕೆ ಕೂತ ದಿನ ನಮ್ಮ ಮನೆಯಲ್ಲಿ ಒಗ್ಗರಣೆಯೂ ಇಲ್ಲ. ನನ್ನ ಕೈಗುಣ ಒಳ್ಳೆಯದು ಅಂತ ಹೆಸರಿತ್ತು. ಮೊಟ್ಟೆ ಒಡೆದ ದಿನ ಮೊದಲ ಸೊಪ್ಪು ಉದುರಿಸುವುದಕ್ಕೆ ಅಕ್ಕಪಕ್ಕದವರು ನನ್ನನ್ನೇ ಕರೆಯುತ್ತಿದ್ದರು. ನಾನೂ ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ಹೊಗಳಿಕೆ ಯಾರಿಗೆ ಬೇಡ?

ಸೊಸೆ ರೇವತಿ ರಾಯದುರ್ಗದವಳು. ಹದಿನೆಂಟಕ್ಕೇ ಅಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆ ಸೇರಿದ್ದಳು. ನನ್ನ ಮಗ ಚಿರಂಜೀವಿ ಅಲ್ಲೇ ಬಟ್ಟೆ ಕತ್ತರಿಸುತ್ತಿದ್ದ. ಆಗ ನಮ್ಮ ಕಡೆ ಊರಿಗೂರೇ ಹೀಗೆ ಎದ್ದು ಹೋಗುತ್ತಿತ್ತು. ಗಂಡಸರು ಬೆಂಗಳೂರಿಗೆ, ಹೆಣ್ಣುಮಕ್ಕಳು ಬೆಳಗ್ಗೆ ವ್ಯಾನು ಹತ್ತಿ ಹಿಂದೂಪುರದ ಗಾರ್ಮೆಂಟ್ಸಿಗೆ. ಮದುವೆಯಾದ ಮೇಲೆ ಚಿರಂಜೀವಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಸೇರಿ ಹದಿನೈದು ದಿನಕ್ಕೊಮ್ಮೆ ಬಂದು ಹೋಗತೊಡಗಿದ. ರೇವತಿ ನನ್ನ ಜತೆ ಉಳಿದಳು. ಬಂದಾಗ ಅವಳ ಉಗುರಿನ ಸುತ್ತ ಜೀನ್ಸಿನ ನೀಲಿ. ಎಷ್ಟು ತಿಕ್ಕಿದರೂ ಆರು ತಿಂಗಳು ಹೋಗಲಿಲ್ಲ. ಅದನ್ನು ನಾನು ಆಗಲೇ ಮನಸ್ಸಲ್ಲಿ ಗಂಟು ಹಾಕಿಕೊಂಡೆ.

ಅವಳು ಬಂದ ಮೊದಲ ಬೇಸಿಗೆಯಲ್ಲಿ ಕೆರೆ ಒಣಗಿತು. ಒಣಗಿದ ಕೆರೆಯ ಕಪ್ಪು ಗೋಡುಮಣ್ಣು ತೆಗೆದು ಹೊಲಕ್ಕೆ ಹೊಡೆಯುವುದು ನಮ್ಮ ತಾತಂದಿರ ಕಾಲದಿಂದ ಬಂದದ್ದು. ಅದಕ್ಕಿಂತ ಒಳ್ಳೆಯ ಗೊಬ್ಬರ ನನಗೆ ಗೊತ್ತಿಲ್ಲ. ಯೂರಿಯಾ ಚೀಲ ಬಂದಮೇಲೆ ಜನ ಸೋಮಾರಿಗಳಾಗಿ ಅದನ್ನು ಮರೆತಿದ್ದರು. ಅರಳಿಕಟ್ಟೆ ಹತ್ತಿರ ನಿಂತು ಎಲ್ಲರಿಗೂ ಛೀಮಾರಿ ಹಾಕಿ ಎಬ್ಬಿಸಿದವಳು ನಾನು. ಹದಿನಾಲ್ಕು ಮನೆಯವರು ಸೇರಿ ಟ್ರಾಕ್ಟರ್ ಗೊತ್ತುಮಾಡಿ ಹಿಪ್ಪುನೇರಳೆ ತೋಟಗಳಿಗೆ ಗೋಡು ಹೊಡೆಸಿದೆವು. ಎಲ್ಲರಿಗಿಂತ ಹೆಚ್ಚು ಬಿದ್ದದ್ದು ನಮ್ಮ ಮನೆ ಹಿಂದಿನ ತೋಟಕ್ಕೆ. ಗುಡ್ಡದ ಬುಡದಲ್ಲಿ ನಮ್ಮದೇ ಇನ್ನೊಂದು ಅರ್ಧ ಎಕರೆ ಇದೆ, ಅಲ್ಲಿಗೆ ಟ್ರಾಕ್ಟರ್ ಹತ್ತಲಿಲ್ಲ.

ಮೊದಲ ಲೋಡು ಇಳಿದಾಗ ರೇವತಿ ಒಂದು ಹೆಂಟೆ ಎತ್ತಿ ಮೂಸಿ ನೋಡಿದಳು. "ಅತ್ತಿ, ಈ ಮಣ್ಣು ಬ್ಯಾಡ್ರಿ. ನಮ್ಮೂರಾಗ ಜೀನ್ಸ್ ತೊಳಿಯೋ ಮೋರಿ ಹಿಂಗ ನಾರತದ. ಅಲ್ಲಿ ಗರಿಕಿ ಸೈತ ಬೆಳೆಯಂಗಿಲ್ಲ" ಅಂದಳು. ಕೆರೆಯ ಮೇಲ್ಗಡೆ ರಸ್ತೆ ಪಕ್ಕದಲ್ಲಿ ಹಳೇ ಬ್ಯಾಟರಿ ಒಡೆಯುವ ಶೆಡ್ಡೊಂದು ಎರಡು ವರ್ಷ ನಡೆದಿತ್ತು. ಯಾರೋ ಹೊರಗಿನವರು. ಸೀಸ ಕರಗಿಸಿ ಲಾರಿಗೆ ತುಂಬಿ, ಒಂದು ದಿನ ಬೀಗ ಜಡಿದು ಹೋದರು. ಮಳೆ ಬಂದರೆ ಅಲ್ಲಿನ ನೀರು ಎಲ್ಲಿಗೆ ಹರಿಯುತ್ತದೆ ಅಂತ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅವಳು ಅದನ್ನೂ ಕೇಳಿದಳು. ಸೂಜಿ ಹಿಡಿದವಳಿಗೆ ಮಣ್ಣಿನ ವಿಷಯ ಏನು ಗೊತ್ತು ಅಂತ ನಾನು ಆಳುಗಳ ಮುಂದೆಯೇ ಅಂದುಬಿಟ್ಟೆ.

ಮಳೆ ಬಿದ್ದಮೇಲೆ ತೋಟ ನೋಡಬೇಕಿತ್ತು. ಅಂಗೈ ಅಗಲದ ಎಲೆ, ಕಪ್ಪು ಹಸಿರು. ನಾನು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ.

ಆ ಸೊಪ್ಪು ತಿಂದ ಮೊದಲ ಬೆಳೆ ಮೂರು ಜ್ವರ ಹೇಗೋ ದಾಟಿತು. ನಾಲ್ಕನೆಯದಕ್ಕೆ ತಲೆ ಎತ್ತಿ ಕೂತ ಹುಳಗಳಲ್ಲಿ ಅರ್ಧ ಏಳಲೇ ಇಲ್ಲ. ತೊಗಲು ಅರ್ಧ ಕಳಚಿ, ತಲೆಗೆ ಸಿಕ್ಕಿಕೊಂಡ ರವಿಕೆಯ ಹಾಗೆ ಅಲ್ಲೇ ನಿಂತಿತ್ತು. ಎದ್ದವು ಸಣ್ಣಗೆ ಉಳಿದವು. ಕೆಲವು ಹಣ್ಣಾಗಿಯೂ, ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಯ ಮೇಲೆ ಗೂಡು ಕಟ್ಟದೆ ಸುಮ್ಮನೆ ಅಲೆದು ಸತ್ತವು. ಸಪ್ಪೆ ರೋಗ, ಹಾಲು ರೋಗ, ಸುಣ್ಣಕಟ್ಟು, ಎಲ್ಲವನ್ನೂ ನಾನು ಬಾಗಿಲಲ್ಲೇ ಮೂಗಿಂದ ಹೇಳಬಲ್ಲೆ. ಇದಕ್ಕೆ ವಾಸನೆಯೇ ಇರಲಿಲ್ಲ.

ಎರಡನೇ ಬೆಳೆಯೂ ಹಾಗೇ ಆಯಿತು. ನಲವತ್ತು ವರ್ಷದಲ್ಲಿ ಆಗದ್ದು ಈಗ ಆಗಿದೆ ಅಂದರೆ ಮನೆಗೆ ಹೊಸದಾಗಿ ಬಂದದ್ದೇನು ಅಂತ ಲೆಕ್ಕ ಹಾಕಿದೆ. ರೇವತಿ ಒಬ್ಬಳೇ ಕಂಡಳು. ಅವಳು ಮತ್ತೆ ಮಣ್ಣಿನ ಮಾತೆತ್ತಿದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಹಂಗಿಸಿ, ಹುಳದ ಮನೆಗೆ ಕಾಲಿಡಬೇಡ ಅಂದೆ. ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸ್ವಲ್ಪ ಕರಗುತ್ತಿದ್ದೆನೋ ಏನೋ.

ನಾನು ಅಲ್ಲಿಗೇ ಬಿಡಲಿಲ್ಲ. ಬೋರಿನ ಹತ್ತಿರ ನೀರಿಗೆ ನಿಂತಾಗ, ಉಳಿದ ಮನೆಗಳಲ್ಲೂ ಹುಳ ಏಳುತ್ತಿಲ್ಲ ಅಂತ ಹೆಂಗಸರು ಗೋಳಿಟ್ಟರು. ಹದಿನಾಲ್ಕು ಮನೆಗೂ ಒಂದೇ ಗೋಳು ಅಂದಾಗಲಾದರೂ ತಲೆ ಓಡಬೇಕಿತ್ತು. ಓಡಲಿಲ್ಲ. ಮನೆಯಲ್ಲಿ ಯಾರದೋ ಕೈ ಸರಿಯಿರುವುದಿಲ್ಲ, ಅವರನ್ನು ಹೊರಗಿಡಿ ಅಂತ ನಾನು ದೊಡ್ಡದಾಗಿ ಬುದ್ಧಿ ಹೇಳಿದೆ. ನನ್ನ ಮಾತಿಗೆ ಬೆಲೆಯಿತ್ತು. ಪಕ್ಕದ ಬೀದಿಯ ದ್ರಾಕ್ಷಾಯಣಮ್ಮ ಅವತ್ತೇ ತನ್ನ ನಾದಿನಿ ನರಸಕ್ಕನನ್ನು ಹುಳದ ಮನೆಯಿಂದ ಹೊರಗೆ ಹಾಕಿದಳು. ನರಸಕ್ಕ ಗಂಡ ಸತ್ತಮೇಲೆ ತವರಿಗೆ ಬಂದು, ಅಣ್ಣನ ಮನೆಯ ಹುಳವನ್ನೇ ಮಕ್ಕಳ ಹಾಗೆ ನೋಡಿಕೊಂಡಿದ್ದವಳು.

ಮೂರನೇ ಬೆಳೆಗೆ ಮೊಟ್ಟೆ ತರುವ ಹೊತ್ತಿಗೆ ರೇವತಿ ಬಟ್ಟೆ ಜೋಡಿಸಿಟ್ಟುಕೊಂಡಿದ್ದಳು. ರಾಯದುರ್ಗದಲ್ಲಿ ತನ್ನ ಮಿಷನ್ನು ಇನ್ನೂ ಖಾಲಿ ಇದೆ, ಅಲ್ಲಿ ತನ್ನ ಕೈಗೆ ಯಾರೂ ಹೆದರುವುದಿಲ್ಲ ಅಂದಳು. ಫೋನಿನಲ್ಲಿ ಚಿರಂಜೀವಿ, ಅವಳು ಹೋದರೆ ತಾನೂ ಬೆಂಗಳೂರು ಬಿಟ್ಟು ಆ ಕಡೆಗೇ ಹೋಗುವುದಾಗಿ ಹೇಳಿ ಇಟ್ಟುಬಿಟ್ಟ. ನನಗೆ ಕೈಕಾಲು ತಣ್ಣಗಾಯಿತು. ಬಾಯಿ ಮಾತ್ರ ತಣ್ಣಗಾಗಲಿಲ್ಲ. ಹೋಗುವವರು ಹೋಗಲಿ ಅಂದೆ.

ಆಗ ಅವಳು ಒಂದು ಮಾತು ಕೇಳಿದಳು. ಈ ಒಂದು ಬೆಳೆ ತಾನು ಹೇಳಿದ ಹಾಗೆ ಸಾಕಬೇಕು. ಆಮೇಲೂ ತನ್ನ ಕೈಯದೇ ತಪ್ಪು ಅಂತ ಕಂಡರೆ ತಾನೇ ಬಸ್ಸು ಹತ್ತುವುದಾಗಿ ಹೇಳಿದಳು.

"ನಮ್ಮ ಫ್ಯಾಕ್ಟರ್ಯಾಗ ಒಂದು ಪ್ಯಾಂಟು ಕೆಟ್ಟರ ಯಾರ ಕೈ ಅಂತ ಮದ್ಲ ಕೇಳಂಗಿಲ್ರಿ ಅತ್ತಿ" ಅಂದಳು. "ಬಂಡಲ್ ಚೀಟಿ ನೋಡ್ತಾರ. ಚೀಟಿ ಹಿಡಕಂಡು ಒಂದೊಂದೇ ಮಿಷನ್ ಹಿಂದಕ ಹೋಗ್ತಾರ. ಒಮ್ಮೊಮ್ಮೆ ಬಟ್ಟಿನೇ ಸರಿ ಇರಂಗಿಲ್ಲ."

ಅವಳು ನೋಟ್‌ಬುಕ್ಕಿನ ಹಾಳೆ ಹರಿದು ನಾಲ್ಕು ಚೀಟಿ ಮಾಡಿ ನಾಲ್ಕು ತಟ್ಟೆಗೆ ಪಿನ್ನು ಚುಚ್ಚಿದಳು. ತಟ್ಟೆಗೆ ಇನ್ನೂರು ಹುಳ, ಎಣಿಸಿ. ಎರಡು ತಟ್ಟೆಗೆ ಗೋಡು ಹಾಕಿದ ತೋಟದ ಸೊಪ್ಪು, ಎರಡಕ್ಕೆ ಗುಡ್ಡದ ಬುಡದ ಸೊಪ್ಪು. ಎರಡೂ ಜೋಡಿಯಲ್ಲಿ ಒಂದು ತಟ್ಟೆಗೆ ಅವಳ ಕೈ, ಇನ್ನೊಂದಕ್ಕೆ ನನ್ನ ಕೈ. ಅವಳ ತಟ್ಟೆ ನಾನು ಮುಟ್ಟುವ ಹಾಗಿಲ್ಲ, ನನ್ನದು ಅವಳು ಮುಟ್ಟುವ ಹಾಗಿಲ್ಲ. ಹುಳವೇನು ಪ್ಯಾಂಟೇ ಅಂತ ನಾನು ನಕ್ಕೆ. ಆದರೂ ಒಪ್ಪಿದೆ. ನನ್ನ ಕೈ ಗೆಲ್ಲುತ್ತದೆ ಅಂತ ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಇಲ್ಲಿ ನಾನು ಮಾಡಿದ ಕಿತಾಪತಿಯನ್ನೂ ಹೇಳಿಬಿಡಬೇಕು. ನನ್ನ ಎರಡು ತಟ್ಟೆಯಲ್ಲಿ ತೋಟದ ಸೊಪ್ಪಿನ ತಟ್ಟೆಯ ಮೇಲೆ ನನಗೆ ಪ್ರೀತಿ ಜಾಸ್ತಿಯಾಯಿತು. ಗುಡ್ಡದ ಸೊಪ್ಪು ಒರಟು, ಸಣ್ಣ ಎಲೆ, ತೋಟದ್ದು ಬೆಣ್ಣೆ. ರೇವತಿ ಅತ್ತ ಹೋದಾಗಲೆಲ್ಲ ಆ ತಟ್ಟೆಗೆ ಒಂದು ಹಿಡಿ ಹೆಚ್ಚು ಹಾಕಿದೆ, ಅದೂ ಕೆರೆ ಗೋಡು ದಪ್ಪಗೆ ಬಿದ್ದ ಸಾಲಿನ ಎಳೇ ಸೊಪ್ಪು. ತಿನ್ನಿ ನನ್ನಪ್ಪಗಳಿರಾ, ನನ್ನ ಮಾನ ಉಳಿಸಿ ಅಂತ ಬೇಡಿಕೊಂಡೆ.

ನಾಲ್ಕನೇ ಜ್ವರಕ್ಕೆ ನಾಲ್ಕೂ ತಟ್ಟೆ ಹೆಚ್ಚುಕಮ್ಮಿ ಒಟ್ಟಿಗೆ ಕೂತವು. ಮನೆಯಲ್ಲಿ ಒಗ್ಗರಣೆ ಇಲ್ಲ, ಮಾತಿಲ್ಲ. ನಾವಿಬ್ಬರೂ ಹೊಸಿಲ ಆಚೆ ಈಚೆ ಕೂತಿದ್ದೆವು. ಮಾರನೇ ದಿನ ಬಿಸಿಲು ಏರುವ ಹೊತ್ತಿಗೆ ಗುಡ್ಡದ ಸೊಪ್ಪಿನ ತಟ್ಟೆಗಳಲ್ಲಿ ಚಲನೆ ಶುರುವಾಯಿತು. ಮುಖದ ಮೇಲಿನ ಹಳೇ ಚಿಪ್ಪು ಉದುರಿಸಿ, ಮೈಯನ್ನು ಸುಕ್ಕುಸುಕ್ಕಾಗಿ ಮುಂದಕ್ಕೆ ಜಗ್ಗಿ, ಒಂದೊಂದೇ ಹೊಸ ತೊಗಲಲ್ಲಿ ಹೊರಗೆ ಬಂದವು. ರೇವತಿಯ ತಟ್ಟೆಯಲ್ಲಿ ನೂರ ತೊಂಬತ್ತೊಂದು. ನನ್ನದರಲ್ಲಿ ನೂರ ಎಂಬತ್ತೆಂಟು. ಅವಳು ಮೂರು ಹುಳದಿಂದ ಮುಂದಿದ್ದಾಳೆ ಅನ್ನುವುದೇ ನನಗೆ ಮೊದಲು ಚುಚ್ಚಿತು ಅಂದರೆ ನನ್ನ ಬುದ್ಧಿ ಎಂಥದ್ದು ಅಂತ ತಿಳಿದುಕೊಳ್ಳಿ.

ತೋಟದ ಸೊಪ್ಪು ತಿಂದ ಅವಳ ತಟ್ಟೆಯಲ್ಲಿ ಎಂಬತ್ನಾಲ್ಕು ಎದ್ದವು. ನನ್ನದರಲ್ಲಿ ಅರವತ್ತೊಂದು.

ಮೂರು ಸಲ ಎಣಿಸಿದೆ. ನಾಲ್ಕು ತಟ್ಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸತ್ತದ್ದು ನಾನು ಎಲ್ಲಕ್ಕಿಂತ ಹೆಚ್ಚು ಪ್ರೀತಿ ಮಾಡಿದ ತಟ್ಟೆ. ಒಂದೊಂದು ಹಿಡಿ ಹೆಚ್ಚು ಸೊಪ್ಪಿಗೆ ಒಂದಿಷ್ಟು ಹೆಚ್ಚು ಸಾವು. ನೆಲ ನಿಜವಾಗಿಯೂ ಡೊಂಕಾಗಿತ್ತು. ರೇವತಿಗೆ ನನ್ನ ಕಿತಾಪತಿ ಹೇಳಿದೆ. ಅವಳು ಬೈಯದೆ, ಪೆನ್ಸಿಲ್ ತಗೊಂಡು ನನ್ನ ಚೀಟಿಯ ಮೇಲೆ "ಸೊಪ್ಪು ಜಾಸ್ತಿ" ಅಂತ ಬರೆದಳು.

ಮಡಕಶಿರದ ರೇಷ್ಮೆ ಆಫೀಸಿನಿಂದ ಸೌಮ್ಯ ಅನ್ನುವ ಹುಡುಗಿಯನ್ನು ಕರೆಸಿದ್ದೂ ರೇವತಿಯೇ. ನನಗೆ ಆಫೀಸಿನವರ ಮೇಲೆ ನಂಬಿಕೆ ಕಡಿಮೆ. ತೆಲುಗಿನಲ್ಲಿ ಫಾರಂ ತುಂಬಿಸಿಕೊಂಡು ಹೋದವರು ತಿರುಗಿ ಬಂದದ್ದು ನಾನು ಕಂಡಿಲ್ಲ. ಈ ಹುಡುಗಿ ಫಾರಂ ಆಮೇಲೆ ತೆಗೆದಳು, ಮೊದಲು ಚೀಟಿ ಓದಿದಳು. ಓದಿ ರೇವತಿಯನ್ನು ನೋಡಿ, ನೀವು ಎಲ್ಲಿ ಓದಿದ್ದು ಅಂತ ಕೇಳಿದಳು. ಜೀನ್ಸ್ ಫ್ಯಾಕ್ಟರ್ಯಾಗ ಅಂತ ರೇವತಿ ಅಂದಳು. ಸೌಮ್ಯ ಎರಡೂ ತೋಟದ ಮಣ್ಣು, ಸೊಪ್ಪು, ಸತ್ತ ಹುಳ, ತಟ್ಟೆಯ ಹಿಕ್ಕೆ ಎಲ್ಲವನ್ನೂ ಬೇರೆ ಬೇರೆ ಕವರಿಗೆ ಹಾಕಿಕೊಂಡಳು. ಉಳಿದ ಹುಳ ಗೂಡು ಕಟ್ಟಿದರೆ ಅದನ್ನೂ ಕೊಡಿ ಅಂದಳು.

ಕಟ್ಟುತ್ತವೆ ಅಂತ ನಾನು ನಂಬಿರಲಿಲ್ಲ. ನನ್ನ ತಟ್ಟೆಯ ಅರವತ್ತೊಂದರಲ್ಲಿ ಮೂವತ್ತು ಚಿಲ್ಲರೆ ಉಳಿದು, ಐದು ದಿನ ತಡವಾಗಿ ಹಣ್ಣಾದವು. ಅವುಗಳನ್ನು ಚಂದ್ರಿಕೆಗೆ ಬಿಟ್ಟು ಒಂದು ಮಧ್ಯಾಹ್ನವೆಲ್ಲ ಒಂದೇ ಹುಳದ ಮುಂದೆ ಕೂತೆ. ನನ್ನ ಕಿರುಬೆರಳಿನಷ್ಟೂ ಇರಲಿಲ್ಲ. ಮೈ ಮೇಲೆ ಹಳೇ ತೊಗಲಿನ ಚೂರು ಇನ್ನೂ ಅಂಟಿತ್ತು. ಅದು ತಲೆ ಎತ್ತಿ ಆ ಕಡೆ ಈ ಕಡೆ ಹುಡುಕಿ, ಬಿದಿರಿನ ಒಂದು ಎಳೆಗೆ ನೂಲು ಅಂಟಿಸಿ, ಎದುರಿನ ಎಳೆಗೆ ಎಳೆದು, ಮತ್ತೆ ಹಿಂದಕ್ಕೆ ಬಂದು, ತಲೆಯನ್ನು ಎಂಟರ ಹಾಗೆ ತಿರುಗಿಸುತ್ತ ಶುರುಮಾಡಿತು. ನಡುನಡುವೆ ನಿಲ್ಲುತ್ತಿತ್ತು. ಮುಗಿಯಿತು ಇದರ ಕತೆ ಅಂದುಕೊಂಡರೆ ಮತ್ತೆ ತಲೆ ಎತ್ತುತ್ತಿತ್ತು. ಸಂಜೆ ಹೊತ್ತಿಗೆ ಅದರ ಸುತ್ತ ತೆಳ್ಳಗೆ ಮಂಜು ಕಟ್ಟಿದ ಹಾಗಾಗಿ ಒಳಗಿನ ಹುಳ ಮಸುಕಾಯಿತು. ನನ್ನ ಕಣ್ಣಲ್ಲಿ ನೀರು ಬಂತು. ಅದರ ಮೇಲೆ ಕರುಣೆ ಬಂದು ಅಲ್ಲ. ಇಷ್ಟೆಲ್ಲ ಆದಮೇಲೂ ಇದು ತನ್ನ ಕೆಲಸ ಮರೆತಿಲ್ಲವಲ್ಲ ಅಂತ ಮೈ ಜುಮ್ಮೆಂದಿತು.

ಒಂದು ತಿಂಗಳ ಮೇಲೆ ಸೌಮ್ಯ ಕಾಗದ ಹಿಡಿದು ಬಂದಳು. ದೊಡ್ಡ ಲ್ಯಾಬಿನವರು ನೋಡಿದ್ದರಂತೆ. ಕೆರೆ ಗೋಡಿನಲ್ಲಿ ಸೀಸ ಸಿಕ್ಕಿದೆ, ಜತೆಗೆ ಕ್ಯಾಡ್ಮಿಯಂ ಅಂತ ಇನ್ನೊಂದು. ಆ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ನಿಲ್ಲುವುದಿಲ್ಲ. ಮಣ್ಣಿನಿಂದ ಬೇರಿಗೆ, ಬೇರಿನಿಂದ ಎಲೆಗೆ ಏರಿದೆ. ಗಿಡಕ್ಕೆ ಅದರಿಂದ ಏನೂ ಆದಂತೆ ಕಾಣುವುದಿಲ್ಲ, ಗೋಡಿನ ಸತ್ವ ಕುಡಿದು ಚೆನ್ನಾಗೇ ಬೆಳೆಯುತ್ತದೆ. ತಿನ್ನುವ ಹುಳಕ್ಕೆ ಮಾತ್ರ ಗೊತ್ತಾಗುತ್ತದೆ.

ಆಮೇಲೆ ಅವಳು ಹಿಕ್ಕೆಯ ಲೆಕ್ಕ ಓದಿದಳು. ಹುಳ ತಿಂದ ವಿಷದಲ್ಲಿ ಬಹುಪಾಲು ಹಿಕ್ಕೆಯಲ್ಲಿತ್ತು. ಆ ಸಣ್ಣ ಜೀವ ತನ್ನ ಹೊಟ್ಟೆಯೊಳಗೆ ಸೊಪ್ಪಿನ ಸತ್ವ ಯಾವುದು, ವಿಷ ಯಾವುದು ಅಂತ ಆರಿಸಿ ಆರಿಸಿ ಹೊರಗೆ ತಳ್ಳುತ್ತ ಬಂದಿತ್ತು. ತಳ್ಳಲಾರದೆ ಉಳಿದದ್ದು ಅದರ ಮೈ ಸೇರಿ ಅದನ್ನು ಕೊಂದಿತ್ತು. ಗೂಡಿನ ನೂಲಿನಲ್ಲಿ ಎಷ್ಟಿದೆ ಅಂತ ರೇವತಿ ಕೇಳಿದಳು. ಇಲ್ಲ ಅನ್ನುವಷ್ಟು ಕಡಿಮೆ ಅಂದಳು ಸೌಮ್ಯ.

ನಾನು ಕೂತಲ್ಲೇ ಕೈ ಮುಗಿದೆ. ಯಾರಿಗೆ ಅಂತ ಕೇಳಬೇಡಿ. ನಾವು ಅದಕ್ಕೆ ಬ್ಯಾಟರಿ ತೊಳೆದ ಕೊಳೆ ತಿನ್ನಿಸಿದ್ದೆವು, ಅದು ಸಾಯುತ್ತ ಸಾಯುತ್ತ ನಮಗೆ ಶುದ್ಧ ನೂಲು ಕೊಟ್ಟಿತ್ತು. ದೇವರ ಮನೆ ಮುಂದೆ ಎಷ್ಟೋ ಸಲ ಅಭ್ಯಾಸಕ್ಕೆ ಕೈ ಮುಗಿದಿದ್ದೇನೆ. ಅವತ್ತು ಮುಗಿದದ್ದು ಹಾಗಲ್ಲ.

ಆ ಹಿಕ್ಕೆಯನ್ನು ಏನು ಮಾಡುತ್ತಿದ್ದೀರಿ ಅಂತ ಸೌಮ್ಯ ಕೇಳಿದಳು. ಹುಳದ ಹಿಕ್ಕೆ ಒಳ್ಳೇ ಗೊಬ್ಬರ. ಪ್ರತಿ ಬೆಳೆ ಮುಗಿದ ಮೇಲೆ ಮಂಕರಿಗೆ ತುಂಬಿ ಅದೇ ತೋಟಕ್ಕೆ ಹೊತ್ತು ಹಾಕುತ್ತಿದ್ದವಳು ನಾನು. ಹುಳ ಜೀವ ಕೊಟ್ಟು ಹೊರಗೆ ಹಾಕಿದ್ದನ್ನು ನಾನು ತಲೆಯ ಮೇಲೆ ಹೊತ್ತು ವಾಪಸ್ಸು ಬುಡಕ್ಕೆ ಸುರಿದಿದ್ದೆ. ಹಸುವಿಗೂ ಹುಳ ಬಿಟ್ಟ ಸೊಪ್ಪನ್ನೇ ಹಾಕಿದ್ದೆ. ಇನ್ನು ಆ ತೋಟದ ಎಲೆ ಯಾವ ಪ್ರಾಣಿಗೂ ಬೇಡ, ಗೋಡನ್ನು ಹೆರೆದು ತೆಗೆಯಬೇಕು, ಹೇಗೆ ಅಂತ ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂತ ಸೌಮ್ಯ ಹೊರಟಳು.

ಅವಳು ಹೋದಮೇಲೆ ರೇವತಿಯ ಮುಂದೆ ನಿಂತೆ. ಅತ್ತೆಯಾದವಳಿಗೆ ಇದು ಕಷ್ಟ, ಅತ್ತೆಯಂದಿರೇ ಹೇಳಲಿ. "ನಿನ್ನ ಕೈ ಅಂದೆ ಕಣಮ್ಮಿ. ನನ್ನ ಕೈಯೇ ಕೆಟ್ಟದ್ದು" ಅಂದೆ.

ಅವಳು ತಲೆ ಅಲ್ಲಾಡಿಸಿದಳು. "ನಿಮ್ಮ ಕೈನೂ ಅಲ್ರಿ ಅತ್ತಿ. ಕೈ ಅನ್ನಾದ ಬಿಡ್ರಿ. ಹದಿನಾಲ್ಕು ಮನ್ಯಾಗ ಒಬ್ಬೊಬ್ಬರು ಹೊರಗ ಕುಂತಾರ, ನೀವು ಹೇಳಿದ್ದಕ್ಕ. ಎಲ್ಲಾ ಮನಿಗೂ ಹೋಗಿ ಹೇಳಿ ಬರ್ರಿ. ಅಲ್ಲಿತನ ನಾನು ಎಲ್ಲಿಗೂ ಹೋಗಂಗಿಲ್ಲ. ಆಮ್ಯಾಲಿಂದ ಆಮ್ಯಾಲೆ ನೋಡೋಣ."

ಜೋಡಿಸಿಟ್ಟ ಬಟ್ಟೆಯ ಚೀಲ ಅವಳ ಹಿಂದೆ ಗೋಡೆಗೆ ಒರಗಿಕೊಂಡೇ ಇತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ದ್ರಾಕ್ಷಾಯಣಮ್ಮನ ಮನೆಗೆ ಮೊದಲು ಹೋದೆ. ನರಸಕ್ಕ ಜಗಲಿಯ ತುದಿಯಲ್ಲಿ ಕೂತು ಬಿತ್ತನೆ ಕಡ್ಲೇಕಾಯಿ ಸುಲಿಯುತ್ತಿದ್ದಳು. ಹುಳದ ಮನೆ ಬಾಗಿಲು ಅಲ್ಲಿಂದ ಹತ್ತು ಹೆಜ್ಜೆ. ದ್ರಾಕ್ಷಾಯಣಮ್ಮ ಒಳಗಿಂದ ಬಂದು ಕುಡಿಯಲು ನೀರು ಬೇಕಾ ಅಂದಳು. ಬೇಡ ಅಂದೆ.

"ಹುಳ ಸತ್ತಿದ್ದು ನರಸಕ್ಕನ ಕೈಯಿಂದ ಅಲ್ಲ ಕಣಮ್ಮ" ಅಂದೆ. "ನಾನು ಹೊಡಿಸಿದ ಗೋಡಿಂದ. ಅದ್ರಾಗೆ ಬ್ಯಾಟರಿ ಶೆಡ್ಡಿನ ಸೀಸ ಐತೆ. ಆ ಸೊಪ್ಪು ಹುಳಕ್ಕೂ ಹಾಕ್ಬ್ಯಾಡಿ, ದನಕ್ಕೂ ಹಾಕ್ಬ್ಯಾಡಿ."

ಕೈ ಅಂತ ಹೇಳಿದವಳು ನೀನೇ ತಾನೇ ಅಂತ ದ್ರಾಕ್ಷಾಯಣಮ್ಮ ಕೇಳಿದಳು. ಹೌದು, ನಾನೇ ಅಂದೆ.

ನರಸಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ, ಮುಖವನ್ನೂ ಎತ್ತಲಿಲ್ಲ. "ನಾಕು ತಿಂಗ್ಳಾಯ್ತು ಈಶ್ವರಕ್ಕ" ಅಂದಳು, "ನಾನು ಆ ಬಾಗ್ಲು ದಾಟಿ."

ಬೇಕಾದಷ್ಟು ಗಾದೆ ಗೊತ್ತಿರುವ ಬಾಯಿ ಇದು, ಒಂದೂ ಸಿಗಲಿಲ್ಲ. ಅವಳು ಮಡಿಲಿನ ಸಿಪ್ಪೆ ಕೊಡವಿ ಎದ್ದು, ಕೈ ತೊಳೆಯಲು ನೀರು ಕೇಳಿದಳು. ದ್ರಾಕ್ಷಾಯಣಮ್ಮ ಅಲ್ಲಾಡಲಿಲ್ಲ. ನಾನೇ ತೊಟ್ಟಿಯಿಂದ ಚೊಂಬಿನಲ್ಲಿ ಮೊಗೆದು ಹನಿಸಿದೆ. ನರಸಕ್ಕ ಬೆರಳು ಬೆರಳು ಬಿಡಿಸಿ, ಮೊಣಕೈವರೆಗೂ ನಿಧಾನವಾಗಿ ತೊಳೆದುಕೊಂಡು, ಸುಣ್ಣ ತುಳಿದು ಒಳಗೆ ಹೋದಳು. ಒಳಗಿನಿಂದ ಸೊಪ್ಪು ಸರಿಸುವ ಸದ್ದು ಬಂತು.

ನಾನು ಚೊಂಬು ಇಟ್ಟು ಬೀದಿಗೆ ಇಳಿದೆ. ಇನ್ನೂ ಹನ್ನೆರಡು ಮನೆ ಇದ್ದವು.